ಮೈಕಲ್‌ರ ಹುಲ್ಲುಗಾವಲಿನ ಹಳದಿ ಹೂ

ರೈಲು ನಿಂತ ಊರು

ನನ್ನ ತಂಗಿ ನೀಲಾ ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಊರಿನಲ್ಲಿ ನರ್ಸ್. ಗಂಡ ಪ್ರಭುವೂ ಅಲ್ಲಿನ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾನೆ. ಅವಳ ಮೊದಲ ಬಾಣಂತನಕ್ಕೆ ಹೋಗಬೇಕಾದವಳು ಅವ್ವ. ಆದರೆ ವಿಮಾನದ ಹೆಸರು ಕೇಳಿದರೇ ಅವ್ವನ ಎದೆ ಹೊಡೆದುಕೊಳ್ಳುತ್ತದೆ. ಕೊನೆಗೆ ಕುಷ್ಟಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನೇ ರಜೆ ಕೇಳಿ ಪಡೆದು, ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಅಂಟಿನುಂಡಿ, ಕೂಸಿಗೊಂದು ಕಿನ್ನಾಳದ ಮರದ ಗಿಳಿ ತುಂಬಿಕೊಂಡು ಹೊರಟೆ.

ಡಬ್ಲಿನ್‌ನಿಂದ ಹೊರಟ ರೈಲು ನಡುವೆ ಯಾವುದೋ ನಿಲ್ದಾಣದಲ್ಲಿ ನಿಂತಿತು. ಕಿಟಕಿಯಾಚೆ ಹಳಿಗಳ ಪಕ್ಕದ ಜಲ್ಲಿಕಲ್ಲಿನಲ್ಲಿ, ಪ್ಲಾಟ್‌ಫಾರ್ಮಿನ ಬಿರುಕಿನಲ್ಲಿ, ಗೋಡೆಯ ಮೇಲೆ ಹಳದಿ ಹೂ. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದ ರ‍್ಯಾಗ್‌ವರ್ಟ್ ಇರಬಹುದೆನ್ನಿಸಿತು. ನಮ್ಮ ಸೂರ್ಯಕಾಂತಿ, ಕುಸುಬಿ, ಗುರೆಳ್ಳು, ರಸ್ತೆಬದಿಯ ಪಾರ್ಥೇನಿಯಂ ಎಲ್ಲವೂ ಇದರ ಬಳಗವೇ. ಹೂವೆಂದು ನಾವು ಕರೆಯುವುದು ನಿಜವಾಗಿ ಹತ್ತಾರು ಸಣ್ಣ ಹೂಗಳ ಗುಂಪು. ಇಳಿದು, ಬಗ್ಗಿ, ಹೂವಿನ ಬುಡವನ್ನು ಬಟ್ಟಲಿನಂತೆ ಹಿಡಿದಿರುವ ಹಸಿರು ಪಕಳೆಗಳನ್ನು ತಿರುಗಿಸಿ ನೋಡಿದೆ. ಒಂದೊಂದರ ತುದಿಗೂ ಕಾಡಿಗೆ ಹಚ್ಚಿದಂತೆ ಕಪ್ಪು. ಹಾಗಾದರೆ ಇದು ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್. ಇಟಲಿಯ ಬೆಂಕಿಬೆಟ್ಟದ ಬೂದಿನೆಲದಿಂದ ತಂದು ತೋಟದಲ್ಲಿ ಸಾಕಿದ್ದು ಗೋಡೆ ದಾಟಿ, ರೈಲು ಹಳಿಯ ಕಲ್ಲನ್ನೇ ಮನೆ ಮಾಡಿಕೊಂಡಿತು ಎಂದು ನಾನೇ ತರಗತಿಯಲ್ಲಿ ಹೇಳಿದ್ದೇನೆ.

ತಲೆ ಎತ್ತಿದಾಗ ರೈಲು ಹೊರಟಿತ್ತು.

ಒಬ್ಬ ಹೆಂಗಸು ನಾನು ಬಿದ್ದಿದ್ದೇನೆಂದು ತಿಳಿದು ಓಡಿಬಂದು ತೋಳು ಹಿಡಿದಳು. ಏನಾಯಿತೆಂದು ಕೇಳಿದಳು. ಹೂ ನೋಡುತ್ತಿದ್ದೆ ಎಂದೆ. ನಗಲಿಲ್ಲ. ಮುಂದಿನ ರೈಲು ಬರುವವರೆಗೆ ಪಕ್ಕದಲ್ಲೇ ಕೂತು ತನ್ನ ಬುತ್ತಿಯ ಅರ್ಧ ಬ್ರೆಡ್ಡು ಕೊಟ್ಟಳು.

ಅಷ್ಟರಲ್ಲಿ ನೀಲಾಳ ಫೋನು. "ಅಕ್ಕಾ, ಎಲ್ಲಿದ್ದಿ? ರೈಲು ಬಂತು, ಯಾರೋ ಪುಣ್ಯಾತ್ಮರು ನಿನ್ನ ಸೂಟ್‌ಕೇಸು ಇಳಿಸಿ ಸ್ಟೇಷನ್‌ದಾಗ ಇಟ್ಟು ಹೋಗ್ಯಾರಂತ. ನೀನ ಬಂದಿಲ್ಲ!"

ನೀಲಾಳ ಮನೆ

ಆ ದೇಶದಲ್ಲಿ ಜನ ಬಾಣಂತಿಯನ್ನು ಬಾಣಂತಿಯೆಂದು ನೋಡುವುದಿಲ್ಲ. ಕೂಸು ಹುಟ್ಟಿ ವಾರವಾಗುವುದರೊಳಗೆ ತಳ್ಳುಗಾಡಿಯಲ್ಲಿ ಹಾಕಿಕೊಂಡು ತಣ್ಣನೆಯ ಗಾಳಿಗೆ ಹೊರಡುತ್ತಾರೆ. ಜಿಟಿಜಿಟಿ ಮಳೆ ಬೀಳುತ್ತಿದ್ದರೂ ಎದುರು ಸಿಕ್ಕವರು ಎಷ್ಟು ಒಳ್ಳೆಯ ದಿನ ಎನ್ನುತ್ತಾರೆ. ನಾನು ನೀಲಾಳ ಕಿವಿಗೆ ಸ್ಕಾರ್ಫು ಕಟ್ಟಿ, ಸಜ್ಜಕ ತಿನ್ನಿಸಿ, ಕಿಟಕಿ ಮುಚ್ಚಿ ಕೂಡಿಸಿದೆ. ಬಂದ ಮೂರನೆಯ ದಿನ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಾಕಲು ಹೋದೆ. ಚಾವಣಿಯಲ್ಲಿದ್ದ, ಹೊಗೆ ಪತ್ತೆಹಚ್ಚುವ ಯಂತ್ರ ಕಿರುಚಿಕೊಂಡಿತು. ಕೂಸು ಅದಕ್ಕಿಂತ ಜೋರಾಗಿ ಕಿರುಚಿತು. ನಾನು ಟವೆಲ್ ಬೀಸುತ್ತಿದ್ದಂತೆಯೇ ಬಾಗಿಲು ದೂಡಿಕೊಂಡು ಎತ್ತರದ ಮುದುಕರೊಬ್ಬರು ಬಕೆಟ್ಟಿನಲ್ಲಿ ನೀರು ಹಿಡಿದು ಒಳಗೆ ನುಗ್ಗಿದರು.

ಅವರೇ ಮೈಕಲ್. ಪಕ್ಕದ ಹೊಲದ ಮನೆಯವರು. ವಿಷಯ ತಿಳಿದ ಮೇಲೆ ಬಕೆಟ್ಟನ್ನು ಕೆಳಗಿಟ್ಟು, ಟೋಪಿ ತೆಗೆದು, ಕೂಸಿನ ಕಡೆ ನೋಡಿ ಏನೋ ಹೇಳಿದರು. ಅವರ ಇಂಗ್ಲಿಷ್ ನನ್ನ ಕಿವಿಗೆ ದಕ್ಕಲಿಲ್ಲ. ನೀಲಾ ಹೇಳಿದಳು: "ಇಂಥಾ ಛಲೋ ವಾಸನಿ ಚರ್ಚಿನ್ಯಾಗ ಬಿಟ್ರ ಬ್ಯಾರೆ ಎಲ್ಲೂ ನೋಡಿಲ್ಲ ಅನ್ನಾಕತ್ತಾರ."

ಅಲ್ಲಿಂದ ಮುಂದೆ ಅವರ ಮಾತು ನನಗೆ ತಲುಪಿದ್ದೆಲ್ಲ ನೀಲಾಳ ಬಾಯಿಂದ, ನಮ್ಮ ಯಲಬುರ್ಗಾ ಕಡೆಯ ಮಾತಿನಲ್ಲೇ. ಈಗಲೂ ಮೈಕಲ್‌ರನ್ನು ನೆನೆದರೆ ಅವರು ಹಾಗೆಯೇ ಮಾತನಾಡುತ್ತಿದ್ದರು ಎನ್ನಿಸುತ್ತದೆ.

ಅವರ ಹೆಂಡತಿ ನೋರಾ ಹಿಂದಿನ ವರ್ಷದ ವಸಂತದಲ್ಲಿ ತೀರಿಕೊಂಡಿದ್ದರು. ಅದಕ್ಕೂ ಮುಂಚಿನ ಎರಡು ವರ್ಷ ಹಾಸಿಗೆಯಲ್ಲೇ ಇದ್ದರಂತೆ. ಮನೆಯಲ್ಲಿ ಉಳಿದದ್ದು ನೋರಾ ಸಾಕಿದ್ದ ಬೆಸ್ಸಿ ಎಂಬ ಕಂದು ಕುದುರೆ ಮತ್ತು ಅದರ ಮರಿ ರೋಸಿ. ನಾನು ಗಿಡಮರ ಓದಿದವಳು, ನಮ್ಮಪ್ಪ ಎತ್ತು, ಆಕಳು ಸಾಕಿದವರು ಎಂದು ನೀಲಾ ಹೇಳಿದ್ದೇ ತಡ, ಮೈಕಲ್ ಕುದುರೆ ನೋಡಲು ಕರೆದರು.

ಲಾಯ

ಬೆಸ್ಸಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ನಿದ್ದೆಯಲ್ಲ, ದಣಿವೂ ಅಲ್ಲ. ಗೋಡೆಯನ್ನು ದೂಡಿಕೊಂಡು ಆಚೆ ಹೋಗಬೇಕೆಂಬಂತೆ ಒತ್ತುತ್ತಿತ್ತು. ಪಕ್ಕೆಲುಬು ಎದ್ದಿದ್ದವು. ಮೈಕಲ್ ಹೆಸರು ಹಿಡಿದು ಕರೆದರೂ ಕಿವಿ ಅಲುಗಲಿಲ್ಲ. ಆಮೇಲೆ ತಾನಾಗಿ ತಿರುಗಿ, ಲಾಯದ ಸುತ್ತ ಗೊತ್ತುಗುರಿಯಿಲ್ಲದೆ ನಡೆದು, ಮತ್ತೆ ಅದೇ ಗೋಡೆಗೆ ಬಂದಿತು.

ನಮ್ಮ ಕಡೆ ದನ ಎಳೆ ಜೋಳದ ಚಿಗುರು ಮೇಯ್ದರೆ ಕಣ್ಣೆದುರೇ ಬೀಳುತ್ತದೆ. ಅಪ್ಪನ ಒಂದು ಎತ್ತು ಹಾಗೆ ಬಿದ್ದದ್ದನ್ನು ಕಂಡಿದ್ದೇನೆ. ವಿಷ ಎಂದರೆ ನನಗೆ ಆ ಅವಸರ. ಇದು ಹಾಗಿರಲಿಲ್ಲ.

ಪಶುವೈದ್ಯೆ ಬಂದು, ಹಿಂದೆ ತೆಗೆದುಕೊಂಡು ಹೋಗಿದ್ದ ರಕ್ತದ ಫಲಿತಾಂಶ ಹೇಳಿದರು. ಯಕೃತ್ತು ಹೋಗಿದೆ. ರ‍್ಯಾಗ್‌ವರ್ಟಿನ ವಿಷ. ಹಸಿ ಗಿಡ ಕಹಿ, ಕುದುರೆ ಅದನ್ನು ಬಿಟ್ಟು ಮೇಯುತ್ತದೆ. ಒಣಹುಲ್ಲಿನ ಜೊತೆ ಕೊಯ್ದು ಪೆಂಡಿ ಕಟ್ಟಿದರೆ ಕಹಿ ಹೋಗುತ್ತದೆ, ವಿಷ ಹೋಗುವುದಿಲ್ಲ. ಚಳಿಗಾಲವೆಲ್ಲ ಸ್ವಲ್ಪ ಸ್ವಲ್ಪವಾಗಿ ಒಳಗೆ ಇಳಿದಿದೆ. ಕಾಣಿಸಿಕೊಳ್ಳುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಮೈಕಲ್ ತಲೆಯಾಡಿಸಿದರು. ಬೆಸ್ಸಿಯನ್ನು ಲಾಯದಿಂದ ಹೊರಗೆ ಬಯಲಿಗೆ ಕರೆತಂದರು. ನರಳಾಟ ಮುಗಿಸಲು ಪಶುವೈದ್ಯೆ ಕೊನೆಯ ಸೂಜಿ ಚುಚ್ಚುವಾಗ ಅದರ ಹಣೆಯನ್ನು ತಮ್ಮ ಎದೆಗೆ ಒತ್ತಿಹಿಡಿದಿದ್ದರು. ಅದೂ ಒತ್ತಿತು, ಗೋಡೆಯನ್ನು ಒತ್ತುತ್ತಿದ್ದ ಹಾಗೆಯೇ. ಮೊದಲು ಮುಂಗಾಲು ಮಡಿಸಿತು. ಮೈಕಲ್ ಅದರ ಜೊತೆಗೇ ನೆಲಕ್ಕೆ ಕೂತರು. ಬೇಲಿಯಾಚೆಯಿಂದ ರೋಸಿ ಕೂಗುತ್ತಿತ್ತು.

ಎದ್ದಾಗ ಅವರ ಮುಖ ಬೇರೆಯಾಗಿತ್ತು. ಏರಿನ ಮೇಲಿನ ಹೊಲದ ಕಡೆ ಕೈ ತೋರಿಸಿ ಏನೋ ಅಂದರು. ನೀಲಾ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು: "ಆ ಶೇನ್‌ನ ಬದುವಿನ್ಯಾಗ ತುಂಬಾ ಆ ಹಳದಿ ಕಸ ಐತಂತ. ಕೀಳು ಅಂತ ಎಷ್ಟು ಹೇಳಿದ್ರೂ ಕಿತ್ತಿಲ್ಲಂತ. ಅದರ ಬೀಜ ಹಾರಿ ಬಂದು ನನ್ನ ಹುಲ್ಲಿನ್ಯಾಗ ಬಿದ್ದೈತಿ, ಅವನ ನನ್ನ ಕುದರಿ ಕೊಂದಾನ ಅನ್ನಾಕತ್ತಾರ. ಕೋರ್ಟಿಗೆ ಎಳೀತೀನಿ ಅಂತಾರ."

ಶೇನ್ ಯಾರೆಂದು ಕೇಳಿದೆ.

"ಅವರ ಗೆಳೆಯಾ. ಸಣ್ಣಂದಿರತ್ಲಿಂದ ಕೂಡಿ ಬೆಳದಾರ. ನೋರಾ ಅಜ್ಜಿ ತೀರಿಕೊಂಡಾಗ ಹೆಗಲು ಕೊಟ್ಟಾವ್ರು ಅವ್ರ."

ಶೇನ್‌ನ ಬದು

ಮಾರನೆಯ ದಿನ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ನೀಲಾಳ ಕಿವಿಗೆ ಸ್ಕಾರ್ಫು ಕಟ್ಟಿಯೇ, ಇಬ್ಬರೂ ಏರು ಹತ್ತಿದೆವು. ಬದುವಿನ ಮೇಲೆ ನಿಜಕ್ಕೂ ಹಳದಿ ಹಾಸಿತ್ತು. ಹೂಗಳು ಒತ್ತೊತ್ತಾಗಿ, ಮೇಲೆ ತಟ್ಟೆಯಂತೆ ಸಮವಾಗಿದ್ದವು. ಎಲೆ ಎಷ್ಟು ಸಲ ಕತ್ತರಿಸಿ ಸುಕ್ಕಾಗಿಸಿದಂತಿತ್ತೆಂದರೆ ತುದಿಯ ತುಂಡು ಯಾವುದು, ಪಕ್ಕದ್ದು ಯಾವುದು ಎಂದು ಹೇಳುವುದೇ ಕಷ್ಟ. ಕೆಲವು ಗಿಡಗಳಿಗೆ ಹಳದಿ ಕಪ್ಪು ಪಟ್ಟೆಯ ಕಂಬಳಿಹುಳು ಮುತ್ತಿದ್ದವು. ಇದು ಸಾಮಾನ್ಯ ರ‍್ಯಾಗ್‌ವರ್ಟ್. ಒಣನೆಲದ್ದು.

ಬದುವಿನ ಆ ತುದಿಯಲ್ಲಿ ದಪ್ಪನೆಯ ಮುದುಕರೊಬ್ಬರು ಮೊಣಕಾಲೂರಿ ಗಿಡ ಕೀಳುತ್ತಿದ್ದರು. ಅವರೇ ಶೇನ್. ನಮ್ಮನ್ನು ಕಂಡು ಕೈಯೆತ್ತಿದರು. ಮೈಕಲ್ ಹೇಗಿದ್ದಾನೆ ಎಂದಷ್ಟೇ ಕೇಳಿದರು. ತಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ.

ಅಲ್ಲಿಂದ ಕೆಳಗೆ ನೋಡಿದರೆ ಮೈಕಲ್‌ರ ಎರಡು ಹುಲ್ಲುಗಾವಲು ಕಾಣುತ್ತವೆ. ಒಂದು ಬದುವಿಗೆ ತಾಗಿದ ಒಣಹೊಲ. ಇನ್ನೊಂದು ಕೆಳಗೆ, ಹೊಳೆದಂಡೆಯ ಜೌಗು. ಎರಡರ ಹುಲ್ಲನ್ನೂ ಒಂದೇ ಕೊಟ್ಟಿಗೆಯಲ್ಲಿ ಒಟ್ಟುತ್ತಾರೆ ಎಂದು ನೀಲಾ ಹೇಳಿದಳು.

ನನಗೆ ಸುಮ್ಮನಿರಲಾಗಲಿಲ್ಲ. ಹಿಂದಿನ ವರ್ಷದ ಪೆಂಡಿಗಳನ್ನು ನೋಡಬಹುದೇ ಎಂದು ಮೈಕಲ್‌ರನ್ನು ಕೇಳಿದೆ. ಅವರಿಗೆ ಖುಷಿಯೇ ಆಯಿತು. ಶೇನ್‌ನ ವಿರುದ್ಧ ಸಾಕ್ಷಿ ಸಿಗುತ್ತದೆ ಎಂದುಕೊಂಡಿರಬೇಕು.

ಪೆಂಡಿ ಬಿಚ್ಚಿ, ಹಳೆಯ ಬೆಡ್‌ಶೀಟಿನ ಮೇಲೆ ಹುಲ್ಲು ಹರವಿಕೊಂಡು ಕೂತೆ. ಕೆಲವು ಪೆಂಡಿಗಳಲ್ಲಿ ಬರೀ ಹುಲ್ಲು. ಕೆಲವುಗಳಲ್ಲಿ ಕಂದಾದ ದಂಟು, ಮುದುಡಿದ ಹೂತಲೆಗಳು. ಒಂದು ಎಲೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಬಿಡಿಸಿದೆ. ತುದಿಯ ತುಂಡು ದೊಡ್ಡದು, ಮೊಟ್ಟೆಯಾಕಾರ. ಕೆಳಗೆ ಎರಡು ಮೂರು ಸಣ್ಣ ಕಿವಿಗಳು. ಬದುವಿನ ಮೇಲೆ ಕಂಡ ಸುಕ್ಕೆಲೆ ಇದಲ್ಲ. ಆಮೇಲೆ ಹೂತಲೆ ಒಡೆದು ಬೀಜಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಸಾಮಾನ್ಯ ರ‍್ಯಾಗ್‌ವರ್ಟಿನಲ್ಲಿ ಹೂವಿನ ಅಂಚಿನ ಬೀಜಗಳು ನುಣುಪು, ನಡುವಿನವುಗಳಿಗೆ ಸಣ್ಣ ರೋಮ. ಇಲ್ಲಿ ಅಂಚಿನದೂ ನುಣುಪು, ನಡುವಿನದೂ ನುಣುಪು. ಇದು ಜೌಗು ರ‍್ಯಾಗ್‌ವರ್ಟ್. ವಿಷದಲ್ಲಿ ಅಣ್ಣನಿಗೆ ತಮ್ಮನೇ. ಆದರೆ ಬೆಳೆಯುವುದು ನೀರು ನಿಲ್ಲುವಲ್ಲಿ.

ಈ ಎರಡೂ ಕೂಡಿ ಮಿಶ್ರ ಗಿಡ ಹುಟ್ಟುವುದುಂಟು. ಅದಕ್ಕೇ ಒಂದನ್ನು ನೋಡಿ ನಂಬಲಿಲ್ಲ. ಇನ್ನೂ ಹಲವು ಪೆಂಡಿ ಬಿಚ್ಚಿದೆ. ಗಿಡ ಸಿಕ್ಕ ಪೆಂಡಿಗಳಲ್ಲೆಲ್ಲ ಅದರ ಜೊತೆ ಜೊಂಡಿನ ದುಂಡನೆಯ ಕಡ್ಡಿಗಳಿದ್ದವು. ಜೊಂಡಿಲ್ಲದ ಪೆಂಡಿಗಳಲ್ಲಿ ಈ ಗಿಡವೂ ಇರಲಿಲ್ಲ. ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಬೆಸ್ಸಿಯನ್ನು ಕೊಂದ ಹುಲ್ಲು ಶೇನ್‌ನ ಬದುವಿನ ಮಗ್ಗುಲಿನದಲ್ಲ. ಹೊಳೆದಂಡೆಯದು, ಮೈಕಲ್ ತಾವೇ ಕೊಯ್ದು ತಂದದ್ದು.

ಅಡುಗೆಮನೆ

ಕೂಸಿಗೆ ಹಾಲು ಕುಡಿಸುತ್ತ ನೀಲಾ ನನ್ನ ಮಾತೆಲ್ಲ ಕೇಳಿದಳು. "ಹೇಳಬ್ಯಾಡ ಅಕ್ಕಾ," ಅಂದಳು.

"ಯಾಕ?"

"ನೀ ನಾಳೆ ಊರಿಗೆ ಹೋಗಾಕಿ. ನಾವು ಇಲ್ಲೇ ಬಾಳೇ ಮಾಡಬೇಕು. ಅಜ್ಜಾರಿಗೆ ಈಗ ಸಿಟ್ಟು ಅನ್ನೂದೊಂದ ಆಸರ ಐತಿ. ಅದನ್ನೂ ಕಸಗೊಂಡ್ರ ಏನು ಉಳೀತೈತಿ ಅವರಿಗೆ? ನಾನ ನನ್ನ ಕೈಯಾರ ಕೊಂದೆ ಅಂತ ಕುಂದರ್ತಾರ."

ಅವಳು ಹೇಳಿದ್ದು ಸುಳ್ಳಲ್ಲ. ದಿನವೂ ಇಂಥವರ ನಡುವೆ ಕೆಲಸ ಮಾಡುವವಳು ಅವಳು. ಹೆಂಡತಿ ಹೋದ ಮನೆಯಲ್ಲಿ ಒಬ್ಬರೇ ಇರುವ ಮನುಷ್ಯ ಎಷ್ಟು ಹೊರಬಲ್ಲ ಎಂಬುದು ನನಗಿಂತ ಅವಳಿಗೆ ಗೊತ್ತು. ನಾನು ಎದ್ದು ಕಿಟಕಿಯ ಬಳಿ ಹೋದೆ. ಮೈಕಲ್ ರೋಸಿಯನ್ನು ಲಾಯಕ್ಕೆ ಹೊಡೆದುಕೊಂಡು ಬರುತ್ತಿದ್ದರು. ಬಗಲಲ್ಲಿ ಒಂದು ಪೆಂಡಿ.

"ನೀಲಾ, ಅದು ಯಾವ ಪೆಂಡಿ?" ಎಂದೆ.

ನೀಲಾಳೂ ಬಂದು ನೋಡಿದಳು. ಕೂಸನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಓಡಿದಳು. ಅವಳು ಪೆಂಡಿಯನ್ನು ಅವರ ಬಗಲಿಂದ ಕಿತ್ತುಕೊಂಡದ್ದನ್ನು ಕಿಟಕಿಯಿಂದಲೇ ಕಂಡೆ. ನಾನೂ ಕೂಸನ್ನೆತ್ತಿಕೊಂಡು ಹೋದೆ. ಬಿಚ್ಚಿದರೆ ಅದರೊಳಗೆ ಜೊಂಡಿತ್ತು. ಬದುವಿನ ಮಗ್ಗುಲಿನ ಹುಲ್ಲಷ್ಟೇ ವಿಷವೆಂದು ನಂಬಿ, ಹೊಳೆದಂಡೆಯದನ್ನೇ ಆರಿಸಿ ತಂದಿರಬೇಕು.

ಆಗ ಹೇಳಿದೆವು. ನಾನು ಹೇಳುತ್ತ ಹೋದೆ, ನೀಲಾ ಅವರಿಗೆ ತಿಳಿಸುತ್ತ ಹೋದಳು. ಮೈಕಲ್ ತಡೆಯಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ, ನಿನಗೆ ಖಾತ್ರಿಯೇ ಎಂದು ಕೇಳಿದರು. ಕೂಸನ್ನು ನೀಲಾಳಿಗೆ ಕೊಟ್ಟು, ಒಳಗಿಂದ ಬೀಜಗಳನ್ನು ತಂದು ಅವರ ಅಂಗೈಗೆ ಹಾಕಿ ಭೂತಗನ್ನಡಿ ಕೊಟ್ಟೆ. ಬದುವಿನ ಗಿಡದಲ್ಲಿ ಬಲಿತಿದ್ದ ಒಂದು ಹೂತಲೆಯ ಬೀಜಗಳನ್ನು ನನ್ನ ಅಂಗೈಯಲ್ಲಿಟ್ಟುಕೊಂಡು ಪಕ್ಕಕ್ಕೆ ಹಿಡಿದೆ. ಅವರು ಒಂದರಿಂದ ಒಂದಕ್ಕೆ ಗಾಜನ್ನು ಒಯ್ಯುತ್ತ ಬಹಳ ಹೊತ್ತು ನೋಡಿದರು. ಗಾಳಿಗೆ ಬೀಜ ಹಾರಿಹೋದ ಮೇಲೂ ನೋಡುತ್ತಲೇ ಇದ್ದರು.

"ಅದು ನಂದ ಹೊಲ," ಅಂದರು. ಗಾಜು ಹಿಂದಕ್ಕೆ ಕೊಟ್ಟು ಒಳಗೆ ಹೋದರು.

ಆಮೇಲೆ ಕೆಲವು ದಿನ ಅವರ ಬಾಗಿಲು ತೆರೆಯಲಿಲ್ಲ. ನೀಲಾ ಒಯ್ದ ಸಾರು ಹೊಸ್ತಿಲಲ್ಲೇ ತಣ್ಣಗಾಗಿರುತ್ತಿತ್ತು. ಪಶುವೈದ್ಯೆ ಬಂದು ರೋಸಿಯ ರಕ್ತ ತೆಗೆದುಕೊಂಡು ಹೋದರು. ಮೈಕಲ್ ಕಿಟಕಿಯಿಂದಲೇ ನೋಡಿದರು.

ಮತ್ತೆ ಲಾಯ

ಒಂದು ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದವರು ಶೇನ್. ಕೈಯಲ್ಲಿ ಟೋಪಿ. ಮೈಕಲ್ ಬಾಗಿಲು ತೆರೆಯುತ್ತಿಲ್ಲ, ಏನಾಗಿದೆ ಎಂದು ಕೇಳಿದರು. ನಡೆದದ್ದನ್ನು ನೀಲಾ ಹೇಳಿದಳು. ಅವರು ಕುರ್ಚಿಯ ಅಂಚಿಗೆ ಕೂತು, ನೆಲ ನೋಡುತ್ತ ಮಾತನಾಡಿದರು. ಅವರ ಮಾತು ಸ್ಪಷ್ಟ, ನನಗೂ ತಿಳಿಯಿತು.

ಹೊಳೆದಂಡೆಯ ಹುಲ್ಲು ಕೊಯ್ಯುವ ಮುಂಚೆ ಪ್ರತಿ ಬೇಸಿಗೆಯಲ್ಲೂ ನೋರಾ ಅಲ್ಲಿಗೆ ಇಳಿಯುತ್ತಿದ್ದರಂತೆ. ಮೈಕಲ್ ಪೇಟೆಗೆ ಹೋದ ದಿನಗಳಲ್ಲಿ, ಒಬ್ಬರೇ. ಒಂದೊಂದೇ ಗಿಡ ಕಿತ್ತು ಚೀಲ ತುಂಬಿಸಿ ಹೊತ್ತುಕೊಂಡು ಬರುತ್ತಿದ್ದರು. ಶೇನ್ ಮೇಲಿನಿಂದ ನೋಡುತ್ತಿದ್ದರು. ಅದೊಂದು ಹೇಳುವ ವಿಷಯವೆಂದು ನೋರಾಗೆ ಅನಿಸಿರಲಿಲ್ಲವೇನೋ. ಮೂರು ಬೇಸಿಗೆಯಿಂದ ಅಲ್ಲಿ ಗಿಡ ಕೀಳಲು ಯಾರೂ ಇಳಿದಿರಲಿಲ್ಲ.

"ಮತ್ತೆ ಅವರು ನಿಮ್ಮ ಮೇಲೆ ಕೂಗಾಡಿದಾಗ ಯಾಕೆ ಹೇಳಲಿಲ್ಲ?" ಎಂದೆ.

"ಹೇಗೆ ಹೇಳುವುದು? ಅವಳು ಮಾಡುತ್ತಿದ್ದ ಕೆಲಸ ನಿನಗೆ ಕಾಣಲೇ ಇಲ್ಲ ಅಂತಲೇ? ನನ್ನನ್ನು ಬೈಯಲಿ ಅಂದುಕೊಂಡೆ. ಬೈಗುಳದಿಂದ ನಾನೇನೂ ಸಾಯುವುದಿಲ್ಲ."

ನೀಲಾ ಕಣ್ಣೊರೆಸಿಕೊಂಡು ಎದ್ದಳು. "ಈಗ ನೀವೇ ಹೇಳಬೇಕು. ಅವರಿಗೆ ಅದು ಗೊತ್ತಾಗಬೇಕು," ಎಂದು ಇಂಗ್ಲಿಷಿನಲ್ಲಿ ಅವರಿಗೂ, "ನಡಿ ಅಕ್ಕಾ" ಎಂದು ನನಗೂ ಹೇಳಿದಳು.

ಮೈಕಲ್ ಲಾಯದಲ್ಲಿ ರೋಸಿಯ ಮೈ ಉಜ್ಜುತ್ತಿದ್ದರು. ಶೇನ್ ಬಾಗಿಲಲ್ಲೇ ನಿಂತು ಹೇಳಿದರು. ಮೈಕಲ್‌ರ ಕೈ ನಿಂತಿತು. ತಿರುಗಲಿಲ್ಲ. ಶೇನ್ ಹೇಳಿ ಮುಗಿಸಿದ ಮೇಲೆ ಲಾಯದ ಮೂಲೆಯಿಂದ ಗಿಡ ಕೀಳುವ ಒಂದು ಕವೆಗೋಲು ತಂದರು. ಮೊಣಕೈಯುದ್ದದ ಹಿಡಿಕೆ, ಎರಡು ಕಬ್ಬಿಣದ ಹಲ್ಲು. ಹಿಡಿಕೆ ಕೈಸವೆತದಿಂದ ನುಣ್ಣಗಾಗಿತ್ತು.

ಅವರು ಹೇಳಿದ್ದನ್ನು ನೀಲಾ ತಡವರಿಸುತ್ತ ಹೇಳಿದಳು: "ಇದು ಕೈತೋಟದ್ದು ಅಂದ್ಕೊಂಡಿದ್ದೆ ಅಂತಾರ. ಪ್ಯಾಟಿಯಿಂದ ಬಂದಾಗ ಆಕಿ ಕೈ ಮಣ್ಣಾಗಿರ್ತಿದ್ವು, ಹೂವಿನ ಗಿಡ ಹಚ್ಚ್ಯಾಳ ಅಂದ್ಕೊಂಡು ಒಂದು ದಿನಾನೂ ಕೇಳಲಿಲ್ಲ ಅಂತಾರ."

ಶೇನ್ ಹತ್ತಿರ ಹೋಗಿ ಅವರ ಭುಜದ ಮೇಲೆ ಕೈಯಿಟ್ಟರು. ನಾವಿಬ್ಬರೂ ಹೊರಗೆ ಬಂದೆವು.

ಹೊಳೆದಂಡೆ

ನಾನು ಹೊರಡುವ ಮೊದಲು ರೋಸಿಯ ಫಲಿತಾಂಶ ಬಂದಿತು. ಯಕೃತ್ತಿಗೆ ಪೆಟ್ಟು ಬಿದ್ದಿದೆ, ಆದರೆ ಬೆಸ್ಸಿಯಷ್ಟಲ್ಲ. ಇನ್ನು ತಿನ್ನದಿದ್ದರೆ ಉಳಿಯಬಹುದು. ಉಳಿಯುತ್ತದೆ ಎಂದು ಪಶುವೈದ್ಯೆ ಹೇಳಲಿಲ್ಲ. ಮೈಕಲ್ ಮತ್ತೆ ಕೇಳಲೂ ಇಲ್ಲ. ಜೊಂಡಿದ್ದ ಪೆಂಡಿಗಳನ್ನೆಲ್ಲ ಇಬ್ಬರು ಮುದುಕರೂ ಸೇರಿ ಸುಟ್ಟರು.

ನನ್ನ ಕೊನೆಯ ದಿನ ಮೈಕಲ್ ಬಂದು, ಗುರುತು ಹಿಡಿಯುವುದನ್ನು ಕಲಿಸು ಎಂದರು. ಕೈಗವಸು ತೊಟ್ಟು ಜೌಗಿಗೆ ಇಳಿದೆವು. ನೀಲಾ ಕೂಸನ್ನೆತ್ತಿಕೊಂಡು ಒಣದಂಡೆಯಲ್ಲಿ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದಳು. ಶೇನ್ ಆಗಲೇ ಅಲ್ಲಿದ್ದರು. ಹೂಬಿಟ್ಟ ಗಿಡಗಳು ಸುಲಭ. ಬದುವಿನದಕ್ಕಿಂತ ದೊಡ್ಡ ಹೂ, ಬಿಡಿಬಿಡಿಯಾದ ಗೊಂಚಲು. ಅವನ್ನೆಲ್ಲ ಬೇಗ ಕಿತ್ತೆವು. ಕಷ್ಟವೆಂದರೆ ಬರುವ ವರ್ಷ ಹೂ ಬಿಡಲಿರುವ ಮರಿಗಿಡಗಳದ್ದು. ಅವು ಈಗ ನೆಲಕ್ಕಂಟಿದ ಎಲೆಗಳ ಚಕ್ರ ಮಾತ್ರ, ಹುಲ್ಲಿನಡಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಗಂಗಾವತಿಯ ಭತ್ತದ ಗದ್ದೆಗೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದನ್ನು ಅವರಿಗೆ ಹೇಳಿದೆ. ಪೈರಿನ ನಡುವೆ ಪೈರಿನಂಥದ್ದೇ ಕಸ ಬೆಳೆಯುತ್ತದೆ. ಎಲೆ ದಂಟಿಗೆ ಕೂಡುವ ಕಡೆ ಸಣ್ಣ ನಾಲಿಗೆಯಂಥ ಪೊರೆ ಇದ್ದರೆ ಭತ್ತ, ಇಲ್ಲದಿದ್ದರೆ ಕಸ. ಕಳೆ ತೆಗೆಯುವ ಹೆಂಗಸರು ಬಗ್ಗಿ ನೋಡುವುದೂ ಇಲ್ಲ, ಅವರ ಬೆರಳಿಗೆ ಗೊತ್ತಾಗುತ್ತದೆ. ಮೈಕಲ್ ಆ ಹೆಂಗಸರ ಬಗ್ಗೆ ಮತ್ತೆ ಮತ್ತೆ ಕೇಳಿದರು. ಎಷ್ಟು ವರ್ಷಕ್ಕೆ ಬೆರಳಿಗೆ ಬರುತ್ತದೆ ಎಂದರು. ನನಗೆ ಗೊತ್ತಿಲ್ಲ ಎಂದೆ.

ಅವರು ನೋರಾಳ ಕವೆಗೋಲು ಹಿಡಿದು ಮೊಣಕಾಲೂರಿ ಮುಂದೆ ಸರಿಯುತ್ತಿದ್ದರು. ನೀರು ಅವರ ಪ್ಯಾಂಟಿಗೆ ಏರುತ್ತಿತ್ತು. ಒಂದು ಕಡೆ ಬಗ್ಗಿ, ಹಲ್ಲು ಆಳಕ್ಕಿಳಿಸಿ, ಬೇರು ಸಮೇತ ಒಂದು ಗಿಡ ಎಬ್ಬಿಸಿ ನನ್ನತ್ತ ಚಾಚಿದರು. ತುದಿಯಲ್ಲಿ ದೊಡ್ಡ ದುಂಡು ತುಂಡು, ಕೆಳಗೆ ಸಣ್ಣ ಕಿವಿಗಳು. ನೋಡಿದರೆ ಅದೇ. ನಾನು ಎಲೆಯೊಂದನ್ನು ತಿಕ್ಕಿ ಮೂಸಿದೆ. ಅವರ ಮೂಗಿಗೂ ಹಿಡಿದೆ. ಸಾಸಿವೆಯ ಘಾಟು.

"ಇದಲ್ಲ. ಇದು ಸಾಸಿವೆ ಬಳಗದ್ದು. ಇದರಿಂದ ತೊಂದರೆಯಿಲ್ಲ," ಎಂದೆ.

ಮೈಕಲ್ ಇನ್ನೊಮ್ಮೆ ಮೂಸಿದರು. ಆ ಗಿಡವನ್ನು ಚೀಲಕ್ಕೆ ಹಾಕಲಿಲ್ಲ, ಬಿಸಾಡಲೂ ಇಲ್ಲ. ಎಬ್ಬಿಸಿದ ಕುಳಿಯನ್ನೇ ಹುಡುಕಿ, ಅದರೊಳಗೆ ಬೇರನ್ನು ನೇರ ಮಾಡಿ ಇಳಿಸಿದರು. ಕೈಗವಸು ಕಳಚಿ, ಬರಿಗೈಯಿಂದ ಸುತ್ತ ಮಣ್ಣು ಒತ್ತಿದರು. ಎಲೆಗಳ ಮೇಲೆ ಬಿದ್ದಿದ್ದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ಕವೆಗೋಲನ್ನೆತ್ತಿಕೊಂಡು ಮುಂದಿನದಕ್ಕೆ ಸರಿದರು.